ಮೀನಿನ ಕಣ್ಣಿಗೆ ಕಂಡ ಹುಳ: ಭೀಮಾ, ಕಾಗಿಣಾ, ಮಾಂಜ್ರಾ ದಂಡೆಯಲ್ಲಿ ಜಲಕೀಟ ನೋಡುವ, ಫೋಟೊ ತೆಗೆಯುವ ಕ್ರಮ

ಫ್ಲೈ ಫಿಶಿಂಗ್ (ನೂಲು, ಗರಿ ಸುತ್ತಿ ಹುಳದಂತೆ ಕಟ್ಟಿದ ಗಾಳದಿಂದ, ಅಂದರೆ ‘ಫ್ಲೈ’ಯಿಂದ ಮೀನು ಹಿಡಿಯುವುದು) ಕಲಿಯಲು ಹೊರಟವರ ಕೈಗೆ ಮೊದಲು ಸಿಗುವುದು ಇಂಗ್ಲೆಂಡ್ ಅಥವಾ ಅಮೆರಿಕದ ಹ್ಯಾಚ್ ಪಟ್ಟಿ. ಯಾವ ತಿಂಗಳ ಯಾವ ವಾರ ಯಾವ ಹುಳ ನೀರಿನಿಂದ ಏಳುತ್ತದೆ, ಅದಕ್ಕೆ ಯಾವ ಫ್ಲೈ ಕಟ್ಟಬೇಕು ಎಂದು ಹೇಳುವ ಪಂಚಾಂಗ ಅದು. ಕಲಬುರಗಿ, ಬೀದರ್, ಯಾದಗಿರಿಯ ನೀರಿಗೆ ಆ ಪಂಚಾಂಗ ಕೂಡಿಬರುವುದಿಲ್ಲ. ಇಂಗ್ಲೆಂಡ್, ಅಮೆರಿಕದಲ್ಲಿ ಚಳಿಗಾಲವಿಡೀ ತಣ್ಣಗಿದ್ದ ನೀರು ಬೆಚ್ಚಗಾಗುತ್ತಲೇ ಒಂದು ಜಾತಿಯ ಹುಳವೆಲ್ಲ ಕೆಲವೇ ದಿನಗಳಲ್ಲಿ ಒಟ್ಟಿಗೆ ಏಳುತ್ತದೆ. ನಮ್ಮ ನೀರು ವರ್ಷದ ಬಹುಪಾಲು ಬೆಚ್ಚಗೇ ಇರುತ್ತದೆ. ಒಂದೇ ವರ್ಷದಲ್ಲಿ ಹಲವು ತಲೆಮಾರು ಮುಗಿಸುವ ಹುಳಗಳೇ ಹೆಚ್ಚು, ಹಾಗಾಗಿ ಅವು ಸ್ವಲ್ಪಸ್ವಲ್ಪವೇ ಬಹಳ ತಿಂಗಳು ಏಳುತ್ತವೆ. ಆ ಪಟ್ಟಿಗಳಲ್ಲಿ ದೊಡ್ಡ ಜಾಗ ಹಿಡಿದಿರುವ ಸ್ಟೋನ್‌ಫ್ಲೈ ತಣ್ಣೀರಿನ ಜೀವಿ. ಬಯಲುಸೀಮೆಯ ಹೊಳೆಯಲ್ಲಿ ಅದನ್ನು ಹುಡುಕುತ್ತ ಹೊತ್ತು ಕಳೆಯಬೇಡಿ.

ಆದ್ದರಿಂದ ನಿಮ್ಮ ದಂಡೆಯ ಪಂಚಾಂಗವನ್ನು ನೀವೇ ಬರೆಯಬೇಕು. ಬರೆಯುವ ಸಾಧನ ಕ್ಯಾಮೆರಾ. ಆದರೆ ಸಾಮಾನ್ಯವಾಗಿ ಕೀಟದ ಫೋಟೊ ತೆಗೆಯುವವರು ಮೇಲಿನಿಂದ, ಬಣ್ಣದ ಬೆನ್ನು ಕಾಣುವಂತೆ ತೆಗೆಯುತ್ತಾರೆ. ಮೀನು ನೋಡುವುದು ಹೊಟ್ಟೆಯ ಕಡೆಯಿಂದ. ಹೊಟ್ಟೆ ಕಾಣದ, ಅಳತೆ ಇಲ್ಲದ, ಹೊತ್ತು ಬರೆಯದ ಫೋಟೊ ಎಷ್ಟೇ ಚೆಂದವಿರಲಿ, ಫ್ಲೈ ಕಟ್ಟುವವನಿಗೆ ಅದರಿಂದ ಲಾಭವಿಲ್ಲ.

ಎಲ್ಲಿ, ಯಾವಾಗ

ಮಿರಗದ ಮಳೆ ಹಿಡಿದಾಗಿನಿಂದ ಹಸ್ತದವರೆಗೆ ಭೀಮಾ ರಾಡಿಯಾಗಿ ಹರಿಯುತ್ತದೆ. ಕೈ ಅದ್ದಿದರೆ ಬೆರಳು ಕಾಣದ ನೀರಿನಲ್ಲಿ ಹುಳ ನೋಡುವ ಕೆಲಸ ಆಗದು. ಈ ಅವಧಿಯಲ್ಲಿ ಒಂದೇ ಒಂದು ಹಬ್ಬವಿದೆ: ಮೊದಲ ಒಳ್ಳೆಯ ಮಳೆ ಬಿದ್ದ ಸಂಜೆ ಹುತ್ತದಿಂದ ಏಳುವ ಈಸಲು ಹುಳ. ಅದು ನೀರಿನ ಹುಳವಲ್ಲ, ಗೆದ್ದಲಿನ ರೆಕ್ಕೆಯ ರೂಪ. ಆದರೆ ಕೆರೆಯ ಮೇಲೆ ಉದುರಿದರೆ ಗೆಂಡೆ ಮೀನು ಹುಚ್ಚೆದ್ದು ತಿನ್ನುತ್ತದೆ. ನಿಮ್ಮ ಪಂಚಾಂಗದಲ್ಲಿ ಅದಕ್ಕೂ ಒಂದು ಪುಟ ಇರಲಿ.

ನಿಜವಾದ ಹಂಗಾಮು ಸ್ವಾತಿ ಮಳೆ ಕಳೆದ ಮೇಲೆ, ನವೆಂಬರ್‌ನಿಂದ ಫೆಬ್ರುವರಿಯವರೆಗೆ. ಪ್ರವಾಹ ಇಳಿದು ಕಲ್ಲುಗಳ ಮೇಲೆ ಪಾಚಿ ಕೂತಿರುತ್ತದೆ, ನೀರು ತಿಳಿಯಾಗಿರುತ್ತದೆ. ಕಾಗಿಣಾ ನದಿ ಮಳಖೇಡದ ಸುತ್ತ ಸುಣ್ಣಕಲ್ಲಿನ ಮೇಲೆ ಹರಿಯುತ್ತದೆ. ಫರಸಿ ಹಾಸಿದಂತೆ ಪದರಪದರವಾಗಿರುವ ಈ ಕಲ್ಲಿನ ಸಂದಿಯಲ್ಲಿ, ಮೊಣಕಾಲಿನಷ್ಟು ಆಳದಲ್ಲಿ ನೀರು ಚುರುಕಾಗಿ ಓಡುವ ಕಡೆ ಕ್ಯಾಡಿಸ್ (ಪತಂಗದಂತೆ ಕಾಣುವ ಜಲಕೀಟ) ಮತ್ತು ಮೇಫ್ಲೈ (ಬಾಲದ ಎಳೆಗಳಿರುವ ಜಲಕೀಟ) ಹುಡುಕಬೇಕು. ಬೀದರ್ ಕಡೆಯ ಮಾಂಜ್ರಾದಲ್ಲಿ ಕಪ್ಪು ಕಲ್ಲಿನ ಹರಿವುಗಳೂ ಹೂಳು ತುಂಬಿದ ಮಡುಗಳೂ ಇವೆ. ಹರಿವಿನ ಹುಳ ಬೇರೆ, ಮಡುವಿನ ಹುಳ ಬೇರೆ. ಎರಡನ್ನೂ ಒಂದೇ ಪುಟದಲ್ಲಿ ಬೆರೆಸಬೇಡಿ. ಕಾರಂಜಾ, ಬೆಣ್ಣೆತೊರಾದಂಥ ಜಲಾಶಯಗಳ ಅಂಚಿನಲ್ಲಿ ಕಚ್ಚದ ಸೊಳ್ಳೆ ಕೈರೊನೊಮಿಡ್‌ಗಳದ್ದೇ ರಾಜ್ಯ. ಮಾರ್ಚ್ ನಂತರ ಹೊಳೆ ಬತ್ತಿ ಗುಂಡಿಗಳಷ್ಟೇ ಉಳಿದಾಗ ಈ ಜಲಾಶಯಗಳೇ ಗತಿ.

ಯಾದಗಿರಿಯಲ್ಲಿ ಕೃಷ್ಣೆಯ ದಂಡೆಗೆ, ನಾರಾಯಣಪುರದ ಕೆಳಗೆ ಛಾಯಾ ಭಗವತಿಯ ಬಂಡೆಗಳ ಕಡೆಗೆ ಹೋಗುವ ಆಸೆ ಎಲ್ಲರಿಗೂ ಇರುತ್ತದೆ. ಕೃಷ್ಣೆಯಲ್ಲಿ ಮೊಸಳೆ ಇದೆ, ಮೇಲಿನ ಅಣೆಕಟ್ಟೆಯ ಗೇಟು ತೆರೆದರೆ ನೀರು ನೋಡನೋಡುತ್ತಲೇ ಏರುತ್ತದೆ. ಅಲ್ಲಿ ನೀರಿಗಿಳಿಯದೆ ದಂಡೆಯ ಮೇಲಿನ ಕೆಲಸವನ್ನಷ್ಟೇ ಮಾಡಿ. ಭೀಮೆಯಲ್ಲಿ ಅಪಾಯ ಬೇರೆ ಥರದ್ದು: ಮರಳು ತೆಗೆದ ಗುಂಡಿ. ಮೊಣಕಾಲಿನ ನೀರು ಒಂದೇ ಹೆಜ್ಜೆಗೆ ತಲೆ ಮುಳುಗಿಸುತ್ತದೆ. ಆರಡಿ ಕೋಲಿನಿಂದ ಮುಂದೆ ಚುಚ್ಚಿ ನೋಡದೆ ಕಾಲಿಡಬೇಡಿ. ಗಾಣಗಾಪುರದ ಸಂಗಮದಂಥ ಕಡೆ ಜನ ಪುಣ್ಯಸ್ನಾನಕ್ಕೆ ಬರುತ್ತಾರೆ, ಗಾಳ-ಬಲೆ ಅಲ್ಲಿಗೆ ಒಯ್ಯದಿರುವುದೇ ಮರ್ಯಾದೆ. ಚಿಂಚೋಳಿ ವನ್ಯಧಾಮದೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಂದು ಹುಳವನ್ನೂ ಹಿಡಿಯುವಂತಿಲ್ಲ. ಕೆರೆ, ಜಲಾಶಯಗಳಲ್ಲಿ ಮೀನಿನ ಹಕ್ಕು ಗುತ್ತಿಗೆಗೆ ಹೋಗಿರುತ್ತದೆ. ಗಾಳ ಬಿಚ್ಚುವ ಮೊದಲು ಗುತ್ತಿಗೆದಾರರನ್ನೋ ಮೀನುಗಾರರ ಸಂಘದವರನ್ನೋ ಕೇಳಿ.

ಜೋಳಿಗೆಯಲ್ಲಿ ಏನಿರಬೇಕು

ಬಲೆಯಿಂದ ಶುರುಮಾಡೋಣ, ಹೆಚ್ಚಿನವರು ಎಡವುವುದು ಅಲ್ಲೇ. ಹಳೆಯ ಸೊಳ್ಳೆಪರದೆಯನ್ನು ತಂತಿಗೆ ಕಟ್ಟಿದರೆ ಬಲೆಯಾಯಿತು ಎಂದುಕೊಳ್ಳುತ್ತಾರೆ. ಅದರ ಕಣ್ಣು ಒಂದು ಮಿಲಿಮೀಟರಿಗಿಂತ ದೊಡ್ಡದು, ಸಣ್ಣ ಮೇಫ್ಲೈ ಮರಿ ಸಲೀಸಾಗಿ ಪಾರಾಗುತ್ತದೆ. ಆಮೇಲೆ ‘ಈ ಹೊಳೆಯಲ್ಲಿ ಹುಳವೇ ಇಲ್ಲ’ ಎಂಬ ತೀರ್ಮಾನ. ಅರ್ಧ ಮಿಲಿಮೀಟರ್ ಕಣ್ಣಿನ ನೈಲಾನ್ ಜರಡಿ ಬಟ್ಟೆ ತನ್ನಿ. 30 ಸೆಂಟಿಮೀಟರ್ ಚೌಕದ ಕಬ್ಬಿಣದ ಚೌಕಟ್ಟಿಗೆ, ಅರ್ಧ ಮೀಟರ್ ಆಳದ ಚೀಲವಾಗುವಂತೆ ಹೊಲಿಸಿ. ಇದು ತಳದ ಬಲೆ. ಅದೇ ಬಟ್ಟೆಯ 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ತುಂಡನ್ನು ಎರಡು ಕೋಲಿನ ನಡುವೆ ಬಿಗಿದರೆ ಮೇಲ್ಮೈ ಬಲೆ.

ಉಳಿದದ್ದು ಮನೆಯಲ್ಲೇ ಇರುತ್ತದೆ: ಬಿಳಿ ಎನಾಮೆಲ್ ಅಥವಾ ಪ್ಲಾಸ್ಟಿಕ್ ತಟ್ಟೆ, ಟೀ ಸೋಸುವ ಜಾಲರಿ, ಮೆತ್ತನೆ ಬಣ್ಣದ ಬ್ರಷ್, ಪ್ಲಾಸ್ಟಿಕ್ ಚಮಚ, ಮಿಲಿಮೀಟರ್ ಗ್ರಾಫ್ ಹಾಳೆ, ಥರ್ಮಾಮೀಟರ್, ಕೆಂಪು ಬೆಳಕಿನ ಹೆಡ್‌ಲ್ಯಾಂಪ್. ಚಿಮಟ ಬೇಡ. ಮೇಫ್ಲೈಯ ಕಾಲು, ಬಾಲ ಮುಟ್ಟಿದರೆ ಉದುರುತ್ತವೆ. ಅಡಿ ಸಪಾಟಾದ ಗಾಜಿನ ಪೆಟ್ರಿ ತಟ್ಟೆ ಎರಡು ಇರಲಿ. ಜೊತೆಗೆ ಅಂಗೈ ಅಗಲದ ಗಾಜಿನ ತೊಟ್ಟಿ. ಅಕ್ವೇರಿಯಂ ಅಂಗಡಿಯವರಿಗೆ 15 ಸೆಂಟಿಮೀಟರ್ ಉದ್ದ, 10 ಎತ್ತರ, 4 ಅಗಲ ಎಂದು ಹೇಳಿದರೆ ಅಂಟಿಸಿ ಕೊಡುತ್ತಾರೆ. ಅಗಲ ಕಡಿಮೆ ಇದ್ದಷ್ಟೂ ಒಳ್ಳೆಯದು, ಹುಳ ಫೋಕಸ್ ಬಿಟ್ಟು ದೂರ ಓಡಲಾರದು.

ಕ್ಯಾಮೆರಾಗೆ 90 ಅಥವಾ 100 ಮಿಲಿಮೀಟರ್ ಮ್ಯಾಕ್ರೊ ಲೆನ್ಸ್ ಇದ್ದರೆ ಸೈ. ಇಲ್ಲದಿದ್ದರೆ ಇರುವ ಲೆನ್ಸಿಗೂ ಕ್ಯಾಮೆರಾಗೂ ನಡುವೆ ಕೂರಿಸುವ ಎಕ್ಸ್‌ಟೆನ್ಶನ್ ಟ್ಯೂಬ್, ಅಥವಾ ಟೆಲಿ ಲೆನ್ಸಿನ ಮುಂದೆ ಕ್ಲಿಪ್ ಮಾಡುವ ರೇನಾಕ್ಸ್ ಡಿಸಿಆರ್-250 ಥರದ ಕ್ಲೋಸಪ್ ಗಾಜು. ಮೊಬೈಲೊಂದೇ ಇದ್ದರೂ ಕೆಲಸ ನಿಲ್ಲುವುದಿಲ್ಲ. ಕ್ಲಿಪ್ ಮ್ಯಾಕ್ರೊ ಲೆನ್ಸ್ ಸಾಕು. ಅದನ್ನು ಹುಳದಿಂದ ಎರಡು-ಮೂರು ಸೆಂಟಿಮೀಟರ್ ದೂರಕ್ಕೆ ತಂದಾಗ ಮೊಬೈಲಿನ ನೆರಳೇ ಹುಳದ ಮೇಲೆ ಬೀಳುತ್ತದೆ, ಆದ್ದರಿಂದ ಬೆಳಕು ಯಾವಾಗಲೂ ಪಕ್ಕದಿಂದ ಬರಲಿ.

ಬೆಳಗ್ಗೆ ಪತ್ತೇದಾರಿ

ಹುಳ ಏಳುವುದು ಬಹುಪಾಲು ಮುಸ್ಸಂಜೆಗೆ. ಆದರೆ ಯಾವ ಹುಳ ಏಳಲಿದೆ ಎಂಬುದನ್ನು ಬೆಳಗ್ಗೆಯೇ ತಿಳಿಯಬಹುದು. ಗಾಳಿ ಬಂದು ಬಡಿಯುವ ದಂಡೆಯಲ್ಲಿ, ಸುಳಿಯ ನೊರೆಯಲ್ಲಿ ಹಿಂದಿನ ರಾತ್ರಿ ಎದ್ದ ಹುಳಗಳು ಕಳಚಿದ ಪೊರೆ ತೇಲುತ್ತಿರುತ್ತದೆ. ಟೀ ಜಾಲರಿಯಿಂದ ನೊರೆ ಎತ್ತಿ ಬಿಳಿ ತಟ್ಟೆಯ ನೀರಿಗೆ ಹಾಕಿ. ಪಾರದರ್ಶಕ, ಕೊಳವೆಯಂಥ, ಐದಾರು ಮಿಲಿಮೀಟರ್ ಪೊರೆ ಇದ್ದರೆ ಕೈರೊನೊಮಿಡ್. ಬಾಲದ ಎಳೆಗಳಿರುವ ಪೊರೆ ಮೇಫ್ಲೈಯದು. ಜೊಂಡಿನ ಕಾಂಡ, ಸೇತುವೆಯ ಕಂಬ, ಬಂಡೆಯ ಬದಿಗೆ ಗಟ್ಟಿಯಾಗಿ ಅಂಟಿಕೊಂಡ, ಬೆನ್ನು ಸೀಳಿದ ಕಂದು ಪೊರೆ ಏರೋಪ್ಲೇನ್ ಚಿಟ್ಟೆಯದು. ನೀರಿನಿಂದ ಅದು ಎಷ್ಟು ಎತ್ತರದಲ್ಲಿದೆ ಎಂದು ಅಳೆದಿಡಿ.

ಆಮೇಲೆ ಕಲ್ಲು ಎತ್ತಿ. ಹರಿವಿನಲ್ಲಿ ಕಾಲಿನಗಲದ ಹತ್ತು ಕಲ್ಲು ಸಾಕು. ಪ್ರತಿಯೊಂದನ್ನೂ ಎತ್ತುವಾಗ ಕೆಳಗಡೆ ಬಲೆ ಹಿಡಿದಿರಿ, ಓಡುವ ಹುಳ ಅದಕ್ಕೇ ಬೀಳುತ್ತದೆ. ನೀರು ಬರುವ ದಿಕ್ಕಿಗೆ ಬಾಯಿ ತೆರೆದ ಜೇಡರ ಬಲೆಯಂಥ ಸಣ್ಣ ಬಲೆ, ಅದರ ಪಕ್ಕ ಹರಳು ಅಂಟಿಸಿ ಕಟ್ಟಿದ ಗೂಡು ಕಂಡರೆ ಅದು ಹೈಡ್ರೊಸೈಕಿಡ್ ಕ್ಯಾಡಿಸ್. ಸಣ್ಣ ಮೀನಿನ ಹಾಗೆ ಚಿಮ್ಮಿ ಈಜುವ ತೆಳ್ಳನೆ ಮರಿ ಬೀಟಿಡ್ ಮೇಫ್ಲೈ. ಮೈತುಂಬ ಹೂಳು ಬಳಿದುಕೊಂಡು ಮೆಲ್ಲಗೆ ತೆವಳುತ್ತ, ಬೆನ್ನ ಮೇಲೆ ಎರಡು ಚೌಕ ಮುಚ್ಚಳ ಹೊತ್ತಿದ್ದರೆ ಕೇನಿಸ್. ಆ ಮುಚ್ಚಳದ ಅಡಿಯಲ್ಲಿ ಕಿವಿರುಗಳಿವೆ, ಹೂಳಿನಿಂದ ಅವನ್ನು ಕಾಪಾಡಲು ಆ ಏರ್ಪಾಡು. ಹೂಳಿನ ಕೊಳವೆಯೊಳಗೆ ಕೆಂಪಗೆ ಕುಣಿಯುವುದು ಕೈರೊನೊಮಿಡ್ ಮರಿ. ನಮ್ಮ ರಕ್ತದಲ್ಲಿರುವಂತೆ ಅದರಲ್ಲೂ ಹಿಮೋಗ್ಲೋಬಿನ್ ಇದೆ, ಗಾಳಿ ಕಡಿಮೆ ಇರುವ ಕೆಸರಲ್ಲಿ ಅದು ಬದುಕುವುದು ಆ ಕಾರಣಕ್ಕೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಗುರುತು. ಮೇಫ್ಲೈ ಮರಿಯ ಬೆನ್ನ ಮೇಲೆ ರೆಕ್ಕೆಯ ಮೊಗ್ಗು ಇರುತ್ತದೆ. ಎಳೆಯ ಮರಿಯಲ್ಲಿ ಅದು ಮೈಬಣ್ಣದ್ದೇ, ಏಳುವ ಕಾಲ ಬಂದಾಗ ಕಪ್ಪಗಾಗುತ್ತದೆ. ತಟ್ಟೆಯಲ್ಲಿ ಕಪ್ಪು ಮೊಗ್ಗಿನ ಮರಿಗಳು ಎಷ್ಟು, ಒಟ್ಟು ಎಷ್ಟು ಎಂದು ಎಣಿಸಿ. ಕಪ್ಪು ಮೊಗ್ಗಿನವು ಸಾಕಷ್ಟಿದ್ದರೆ ಇಂದೋ ನಾಳೆಯೋ ಆ ಹುಳ ಏಳುವುದು ಖಾತ್ರಿ. ಒಂದೂ ಇಲ್ಲದಿದ್ದರೆ ಸಂಜೆ ಬೇರೆ ದಂಡೆಗೆ ಹೋಗಿ.

ಮುಸ್ಸಂಜೆಯ ಎಣಿಕೆ

ಡಿಸೆಂಬರ್ ನಡುವಿನಲ್ಲಿ ಕಲಬುರಗಿಯಲ್ಲಿ ಸೂರ್ಯ ಮುಳುಗುವುದು ಸುಮಾರು 5:50ಕ್ಕೆ. 4:30ಕ್ಕೆ ದಂಡೆ ಸೇರಿ. ನೀರಿನ, ಗಾಳಿಯ ಉಷ್ಣಾಂಶ, ಗಾಳಿಯ ದಿಕ್ಕು, ಮೋಡ, ನೀರಿನ ತಿಳಿ ಬರೆಯಿರಿ. ತಿಳಿಯನ್ನು ಅಳೆಯಲು ಬಿಳಿ ಬಟ್ಟೆ ಕಟ್ಟಿದ ಕೋಲನ್ನು ನೀರಿಗಿಳಿಸಿ, ಬಟ್ಟೆ ಮರೆಯಾದ ಆಳವನ್ನು ಸೆಂಟಿಮೀಟರಿನಲ್ಲಿ ಗುರುತಿಸಿದರಾಯಿತು. ಎರಡು ಬಂಡೆಯ ನಡುವೆ ಸುಮಾರು ಒಂದು ಚದರ ಮೀಟರ್ ನೀರು ಆರಿಸಿ, ಹತ್ತು ನಿಮಿಷಕ್ಕೊಮ್ಮೆ ಒಂದು ನಿಮಿಷ ಅದರಲ್ಲಿ ಏಳುವ ಹುಳ ಎಣಿಸಿ. ಕತ್ತಲಾದ ಒಂದು ಗಂಟೆಯವರೆಗೂ ನಡೆಯಲಿ. ಬಿಳಿ ಟಾರ್ಚ್ ಹಚ್ಚಿದರೆ ಹುಳ ನಿಮ್ಮ ಮುಖಕ್ಕೆ ಬರುತ್ತದೆ, ಲೆಕ್ಕ ಕೆಡುತ್ತದೆ, ಅದಕ್ಕೇ ಕೆಂಪು ಬೆಳಕು.

ಹುಳದ ಜೊತೆ ಮೀನನ್ನೂ ನೋಡಿ. ನೀರಿನ ಮೇಲೆ ಮೂಡುವ ಉಂಗುರದ ನಡುವೆ ಗುಳ್ಳೆ ಉಳಿದರೆ ಮೀನು ಬಾಯಿ ಮೇಲೆತ್ತಿ ತೇಲುವ ಹುಳ ನುಂಗಿದೆ, ಜೊತೆಗೆ ಗಾಳಿಯನ್ನೂ. ಬೆನ್ನು, ಬಾಲ ಕಂಡು ಗುಳ್ಳೆ ಇಲ್ಲದಿದ್ದರೆ ಮೇಲ್ಮೈಯ ಅಡಿಯಲ್ಲೇ, ಪೊರೆ ಕಳಚುತ್ತಿರುವ ಹುಳ ತಿನ್ನುತ್ತಿದೆ. ಗಾಳಿಯಲ್ಲಿ ಹುಳ ತುಂಬಿದ್ದರೂ ನೀರಿನ ಮೇಲೆ ತೇಲುವ ಒಣ ಫ್ಲೈಗೆ ಮೀನು ಮೂಸಿಯೂ ನೋಡದಿರುವುದಕ್ಕೆ ಹೆಚ್ಚಿನ ಸಲ ಇದೇ ಕಾರಣ. ಮೇಲ್ಮೈ ಬಲೆಯನ್ನು ಅರ್ಧ ನೀರೊಳಗೆ, ಅರ್ಧ ಮೇಲೆ ಇರುವಂತೆ ಹರಿವಿಗೆ ಅಡ್ಡಲಾಗಿ ಐದು ನಿಮಿಷ ಹಿಡಿದರೆ ಸಾಕ್ಷಿ ಕೈಗೆ ಸಿಗುತ್ತದೆ.

ಒಂದು ಮೋಸದ ಬಗ್ಗೆ ಎಚ್ಚರವಿರಲಿ. ತೊಗರಿ ಹೂ-ಕಾಯಿ ಬಿಡುವ ದಿನಗಳಲ್ಲಿ ಕಾಯಿಕೊರಕಕ್ಕೆ ಔಷಧ ಹೊಡೆಯುತ್ತಾರೆ. ಆಮೇಲೆ ಅಡ್ಡಮಳೆ ಬಂದು ಹೊಲದ ನೀರು ಹಳ್ಳಕ್ಕಿಳಿದರೆ ನೂರಾರು ಹುಳ ತೇಲಿ ಬರುತ್ತವೆ. ಅದು ಹ್ಯಾಚ್ ಅಲ್ಲ, ಸಾವು. ಜೊತೆಗೆ ಖಾಲಿ ಪೊರೆ ಇಲ್ಲದೆ ಮರಿಗಳೇ ಸತ್ತು ತೇಲುತ್ತಿದ್ದರೆ ಫೋಟೊ ತೆಗೆದು ‘ಔಷಧ’ ಎಂದು ಬರೆಯಿರಿ, ಆ ದಿನದ ಎಣಿಕೆ ಬಿಟ್ಟುಬಿಡಿ. ಬೀಟಿಡ್‌ಗಳು ಕೀಟನಾಶಕಕ್ಕೆ ಬಹಳ ಸೂಕ್ಷ್ಮ, ಅಂಥ ಘಟನೆಯಾದ ಹಳ್ಳದಲ್ಲಿ ಅವು ಕಾಣೆಯಾದರೆ ಆಶ್ಚರ್ಯವಿಲ್ಲ.

ಕೆಲವರು ಬಿಳಿ ಚಾದರ ಕಟ್ಟಿ ದೀಪ ಹಚ್ಚಿ ಹುಳ ಕರೆಯುತ್ತಾರೆ. ಎಳ್ಳ ಅಮವಾಸ್ಯೆಯ ರಾತ್ರಿ ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ: ಚಂದ್ರನಿಲ್ಲ, ಹೊಳೆ ತಿಳಿಯಾಗಿದೆ, ಹೊಲದ ಭಜ್ಜಿ-ರೊಟ್ಟಿಯೂ ಹೊಟ್ಟೆಯಲ್ಲಿದೆ. ಚಾದರಕ್ಕೆ ಕೇನಿಸ್, ಕ್ಯಾಡಿಸ್ ಮುತ್ತಿಗೆ ಹಾಕುತ್ತವೆ. ಆದರೆ ಯಾವ ಹುಳ ಈ ಊರಿನಲ್ಲಿದೆ ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ಎಷ್ಟು ಹೊತ್ತಿಗೆ ಎದ್ದಿತು, ಮೀನು ತಿಂದಿತೇ ಎಂಬುದು ತಿಳಿಯದು. ಚಾದರದ ಲೆಕ್ಕವನ್ನು ಹೊಳೆಯ ಲೆಕ್ಕಕ್ಕೆ ಸೇರಿಸಬೇಡಿ.

ಯಾವ ಹಂತದ ಹುಳ?

ಮೇಫ್ಲೈ ರೆಕ್ಕೆ ಬಂದ ಮೇಲೂ ಒಮ್ಮೆ ಪೊರೆ ಕಳಚುತ್ತದೆ. ಕೀಟಲೋಕದಲ್ಲಿ ಇಂದು ಬೇರೆ ಯಾವ ಗುಂಪಿಗೂ ಈ ಗುಣವಿಲ್ಲ. ನೀರಿನಿಂದ ಎದ್ದದ್ದು ಡನ್: ಮಂಕು ಮೈ, ಹೊಗೆ ಹಿಡಿದಂಥ ರೆಕ್ಕೆ, ರೆಕ್ಕೆಯಂಚಿಗೆ ಸಣ್ಣ ಕೂದಲು. ಅದು ಕಳಚಿದ ಮೇಲೆ ಸ್ಪಿನ್ನರ್: ಗಾಜಿನಂಥ ರೆಕ್ಕೆ, ಹೊಳೆಯುವ ಮೈ, ಇನ್ನೂ ಉದ್ದದ ಬಾಲ. ಇವೆರಡಕ್ಕೆ ಕಟ್ಟುವ ಫ್ಲೈ ಬೇರೆಬೇರೆ. ಕೇನಿಸ್‌ಗೆ ಮೂರು ಬಾಲ, ಹಿಂದಿನ ರೆಕ್ಕೆ ಇಲ್ಲ. ಎದ್ದ ಸ್ವಲ್ಪ ಹೊತ್ತಿಗೇ ಕಳಚಿ, ಕೂಡಿ, ಮೊಟ್ಟೆಯಿಟ್ಟು ಕೆಲವೇ ಗಂಟೆಗಳಲ್ಲಿ ಮುಗಿದುಹೋಗುತ್ತದೆ. ಬೀಟಿಡ್‌ಗೆ ಎರಡು ಬಾಲ, ಗಂಡಿನ ತಲೆಯ ಮೇಲೆ ಪೇಟ ಸುತ್ತಿದಂಥ ಕಣ್ಣು. ಕ್ಯಾಡಿಸ್ ಕೂತಾಗ ರೆಕ್ಕೆ ಮನೆಯ ಇಳಿಜಾರು ಮಾಡಿನಂತಿರುತ್ತದೆ, ಬಾಲವಿಲ್ಲ, ಮೀಸೆ ಉದ್ದ. ಅದನ್ನು ಪತಂಗ ಎಂದುಕೊಳ್ಳುವವರೇ ಹೆಚ್ಚು. ಪತಂಗದ ರೆಕ್ಕೆ ಉಜ್ಜಿದರೆ ಬೆರಳಿಗೆ ಪುಡಿ ಹತ್ತುತ್ತದೆ, ಕ್ಯಾಡಿಸ್ ರೆಕ್ಕೆಯಲ್ಲಿ ಇರುವುದು ಕೂದಲು.

ಡನ್ ಸಿಕ್ಕರೆ ಸ್ಪಿನ್ನರ್ ಕೂಡ ನಿಮ್ಮದೇ. ಒಂದು ಲೋಟದೊಳಗೆ ಕಡ್ಡಿ ನಿಲ್ಲಿಸಿ, ಹುಳ ಬಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿ ನೆರಳಲ್ಲಿಡಿ. ಬೆಳಗಾಗುವುದರೊಳಗೆ ಕಳಚಿರುತ್ತದೆ. ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದರೆ ಒಳಗೆ ಹನಿ ಕಟ್ಟಿ ರೆಕ್ಕೆ ಗೋಡೆಗಂಟುತ್ತದೆ, ಹುಳವೂ ಹೋಯಿತು, ಫೋಟೊವೂ ಹೋಯಿತು.

ಫೋಟೊ: ಮೊದಲು ಹೊಟ್ಟೆ, ಆಮೇಲೆ ಬೆನ್ನು

ನೀರಿನ ಕೊಡ ಇಡುವ ಕಬ್ಬಿಣದ ಮೂರುಕಾಲಿ ಸ್ಟ್ಯಾಂಡ್ ಇದ್ದರೆ ಅರ್ಧ ಸ್ಟುಡಿಯೊ ಆಯಿತು. ಅದರ ಬಳೆಯ ಮೇಲೆ ಗಾಜಿನ ತುಂಡು, ಗಾಜಿನ ಮೇಲೆ ಪೆಟ್ರಿ ತಟ್ಟೆ. ತಟ್ಟೆಯಲ್ಲಿ ಐದು ಮಿಲಿಮೀಟರ್ ಆಳ, ಬಟ್ಟೆಯಲ್ಲಿ ಸೋಸಿದ ಹೊಳೆಯ ನೀರು. ಹುಳವನ್ನು ಬ್ರಷ್‌ನಿಂದ ನೀರಿನ ಮೇಲೆ ಬಿಡಿ. ಕ್ಯಾಮೆರಾ ಕೆಳಗಿನಿಂದ ಮೇಲೆ ನೋಡಲಿ. ಮೊದಲು ಆಕಾಶದ ಬೆಳಕಿನಲ್ಲಿ ಒಂದು: ಇದರಲ್ಲಿ ಆಕಾರ ಮತ್ತು ನೀರು ತಗ್ಗಿದ ಪಾದದ ಗುರುತುಗಳು ಕಾಣುತ್ತವೆ. ಆಮೇಲೆ ತಟ್ಟೆಯ ಮೇಲೆ ಒಂದು ಗೇಣು ಎತ್ತರದಲ್ಲಿ ಬೂದು ಹಾಳೆ ಹಿಡಿದು, ಕೆಳಗಿನ ಪಕ್ಕದಿಂದ ಫ್ಲ್ಯಾಶ್ ಕೊಟ್ಟು ಇನ್ನೊಂದು: ಇದರಲ್ಲಿ ಹೊಟ್ಟೆಯ ಬಣ್ಣ.

ಎರಡೂ ಯಾಕೆ? ನೀರೊಳಗಿನ ಮೀನಿಗೆ ಹೊರಗಿನ ಲೋಕ ಸುಮಾರು 97 ಡಿಗ್ರಿಯ ಒಂದು ದುಂಡು ಕಿಟಕಿಯಲ್ಲಷ್ಟೇ ಕಾಣುತ್ತದೆ. 30 ಸೆಂಟಿಮೀಟರ್ ಆಳದಲ್ಲಿರುವ ಮೀನಿಗೆ ಆ ಕಿಟಕಿ 68 ಸೆಂಟಿಮೀಟರ್ ಅಗಲ. ಕಿಟಕಿಯ ಹೊರಗೆ ನೀರಿನ ಮೇಲ್ಮೈ ಕನ್ನಡಿ. ದೂರದಿಂದ ತೇಲಿಬರುವ ಹುಳದಲ್ಲಿ ಮೀನಿಗೆ ಮೊದಲು ಕಾಣುವುದು ಆ ಕನ್ನಡಿಯಲ್ಲಿ ಮೂಡಿದ ಪಾದದ ಗುಳಿಗಳು, ಹತ್ತಿರ ಬಂದ ಮೇಲಷ್ಟೇ ಬಣ್ಣ.

ಸೆಟ್ಟಿಂಗ್ ಹೀಗಿರಲಿ: ಮ್ಯಾನ್ಯುಅಲ್ ಮೋಡ್, 1/160 ಅಥವಾ 1/200 ಸೆಕೆಂಡ್, ಲೆನ್ಸಿನ ಕಿಂಡಿ (ಅಪರ್ಚರ್) ಎಫ್/8ರಿಂದ ಎಫ್/11, ಐಎಸ್‌ಒ 200. ಎಫ್/22ಕ್ಕೆ ಹೋದರೆ ಎಲ್ಲವೂ ಚೂಪಾಗುತ್ತದೆ ಎಂಬುದು ತಪ್ಪು ಎಣಿಕೆ. ಹುಳ ಸೆನ್ಸಾರಿನ ಮೇಲೆ ನಿಜ ಗಾತ್ರದಲ್ಲಿ ಬೀಳುವಾಗ ಎಫ್/11 ಎಂಬುದೇ ಎಫ್/22ರಂತೆ ವರ್ತಿಸುತ್ತದೆ, ಅದಕ್ಕೂ ಕಿರಿದು ಮಾಡಿದರೆ ಬೆಳಕು ಚದುರಿ ಇಡೀ ಚಿತ್ರ ಮಸುಕು. ಫೋಕಸ್ ಆಗುವ ಆಳ ಹೆಚ್ಚೆಂದರೆ ಒಂದು ಮಿಲಿಮೀಟರ್ ಆಸುಪಾಸು. ಹಾಗಾಗಿ ಹುಳದ ಮೈ ಸೆನ್ಸಾರಿಗೆ ಸಮಾನಾಂತರವಾಗಿರಬೇಕು. ಫೋಕಸ್ ಉಂಗುರ ತಿರುಗಿಸಬೇಡಿ. ಒಮ್ಮೆ ಹೊಂದಿಸಿ, ಆಮೇಲೆ ಕ್ಯಾಮೆರಾವನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಿ, ಕಣ್ಣು ಚೂಪಾದಾಗ ಒತ್ತಿ. ಹತ್ತು ಒತ್ತಿದರೆ ಒಂದು ಒದಗುತ್ತದೆ.

ಫ್ಲ್ಯಾಶ್ ಬರಿದಾಗಿ ಬಿಟ್ಟರೆ ಒದ್ದೆ ಮೈಮೇಲೆ ಬಿಳಿ ಚುಕ್ಕೆ ಬೀಳುತ್ತದೆ. ಬಿಳಿ ಹಾಲಿನ ಪ್ಯಾಕೆಟ್ ತೊಳೆದು ಕತ್ತರಿಸಿ, ಅದರ ಮೇಲೆ ಟ್ರೇಸಿಂಗ್ ಹಾಳೆ ಅಂಟಿಸಿ ಫ್ಲ್ಯಾಶಿಗೂ ಹುಳಕ್ಕೂ ನಡುವೆ ಹಿಡಿಯಿರಿ. ಹುಳಕ್ಕೆ ಎಷ್ಟು ಹತ್ತಿರ ತರುತ್ತೀರೋ ಬೆಳಕು ಅಷ್ಟು ಮೆದು. ಬಿಳಿ ತಟ್ಟೆಯಲ್ಲಿ ಆಟೊ ಮೋಡಿನಲ್ಲಿ ತೆಗೆಯುವವರಿಗೆ ಇನ್ನೊಂದು ಕಷ್ಟ: ಕ್ಯಾಮೆರಾ ಬಿಳಿಯನ್ನು ಬೂದು ಮಾಡಲು ಹೋಗಿ ಹುಳವನ್ನು ಕಪ್ಪು ಮಾಡುತ್ತದೆ. ಎಕ್ಸ್‌ಪೋಶರ್ ಅನ್ನು +1ಕ್ಕೆ ಏರಿಸಿ. ಬಣ್ಣದ ನಿಜ ತಿಳಿಯಲು ಮೊದಲ ಫೋಟೊದಲ್ಲಿ ಬೂದು ಕಾರ್ಡ್, ಕೊನೆಯದರಲ್ಲಿ ಗ್ರಾಫ್ ಹಾಳೆ ಇರಲಿ.

ಮರಿಗಳಿಗೆ ಗಾಜಿನ ತೊಟ್ಟಿ. ನಲ್ಲಿ ನೀರು ಹಾಕಬೇಡಿ, ಕ್ಲೋರಿನ್‌ಗೆ ಸಾಯುತ್ತವೆ. ಹೊಳೆಯ ನೀರನ್ನೇ ಬಟ್ಟೆಯಲ್ಲಿ ಸೋಸಿ ಅರ್ಧ ಗಂಟೆ ನಿಲ್ಲಿಸಿ. ಹೂಳು ಇಳಿಯದಿದ್ದರೆ ಫ್ಲ್ಯಾಶಿಗೆ ಪ್ರತಿ ಕಣವೂ ನಕ್ಷತ್ರವಾಗುತ್ತದೆ. ಹುಳದ ಹಿಂದೆ ಇನ್ನೊಂದು ಗಾಜು ಇಳಿಸಿ ಜಾಗ ಒಂದು ಸೆಂಟಿಮೀಟರಿಗೆ ತನ್ನಿ. ಲೆನ್ಸಿನ ಸುತ್ತ ಕಪ್ಪು ಬಟ್ಟೆ ಹೊದಿಸಿದರೆ ಗಾಜಿನಲ್ಲಿ ನಿಮ್ಮ ಅಂಗಿಯ ಬಿಂಬ ಬೀಳದು. ಹರಿವಿನ ಮರಿಗಳಿಗೆ ನಿಂತ ನೀರಿನಲ್ಲಿ ಉಸಿರು ಸಾಲದು; ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿ, ಎತ್ತಿದ ಕಲ್ಲಿನ ಬಳಿಯೇ ಬಿಡಿ. ಕಲ್ಲನ್ನೂ ಇದ್ದ ಹಾಗೆ ಮಗುಚಿಡಿ.

ಏರೋಪ್ಲೇನ್ ಚಿಟ್ಟೆ ಪೊರೆ ಕಳಚುವುದನ್ನು ಸರಣಿಯಾಗಿ ತೆಗೆಯಬೇಕೆಂದರೆ ಬೆಳಕು ಹರಿಯುವ ಒಂದು ಗಂಟೆ ಮೊದಲೇ ಜೊಂಡಿನ ಮುಂದೆ ಟ್ರೈಪಾಡ್ ಹೂಡಿರಬೇಕು. ಎರಡು ನಿಮಿಷಕ್ಕೊಂದು ಫೋಟೊ ಸಾಕು. ಹಾಲಿನಂತೆ ಮಂಜಾದ ರೆಕ್ಕೆ ಪಾರದರ್ಶಕವಾಗಿ ಗಟ್ಟಿಯಾಗುವವರೆಗೆ ಕಾಂಡ ಅಲುಗಿಸಬೇಡಿ. ಆಗ ಕೆಳಗೆ ಬಿದ್ದದ್ದು ಮತ್ತೆ ಹಾರುವುದಿಲ್ಲ.

ಫೋಟೊದಿಂದ ಗಾಳಕ್ಕೆ

ಗ್ರಾಫ್ ಹಾಳೆಯ ಮೇಲಿನ ಫೋಟೊದಿಂದ ಮೈಯುದ್ದ ಅಳೆಯಿರಿ, ಬಾಲ ಬಿಟ್ಟು. ಅದಕ್ಕೆ ಸರಿಯಾದ ಗಾಳವನ್ನು ನಂಬರ್ ನೋಡಿ ಕೊಳ್ಳಬೇಡಿ; ಒಂದೇ ನಂಬರಿನ ಗಾಳ ಒಬ್ಬೊಬ್ಬ ತಯಾರಕನದು ಒಂದೊಂದು ಉದ್ದ. ಗಾಳದ ನೇರ ದಂಡದ ಉದ್ದವನ್ನೇ ಸ್ಕೇಲಿನಲ್ಲಿ ಅಳೆಯಿರಿ. ಕೇನಿಸ್ ಮೂರರಿಂದ ಐದು ಮಿಲಿಮೀಟರ್ ಇರುತ್ತದೆ, ಅಂದರೆ 20-22ನೇ ನಂಬರಿನ ಸುತ್ತಮುತ್ತ. ಸಂದೇಹವಿದ್ದರೆ ಸಣ್ಣದೇ ಇರಲಿ. ದೊಡ್ಡ ಫ್ಲೈಯನ್ನು ಮೀನು ತಿರಸ್ಕರಿಸುವಷ್ಟು ಸಣ್ಣದನ್ನು ತಿರಸ್ಕರಿಸುವುದಿಲ್ಲ.

ಬಣ್ಣ ಹೊಂದಿಸುವಾಗ ಫ್ಲೈಯ ಮೈಗೆ ಸುತ್ತುವ ಡಬ್ಬಿಂಗ್ ನೂಲನ್ನು ಒದ್ದೆ ಮಾಡಿ ಫೋಟೊದ ಪಕ್ಕ ಹಿಡಿಯಿರಿ. ಒಣಗಿದಾಗ ತಿಳಿ ಕಂದು ಎನಿಸಿದ್ದು ನೀರು ಕುಡಿದ ಮೇಲೆ ಕಾಫಿ ಬಣ್ಣವಾಗುತ್ತದೆ. ಹುಳವನ್ನು ಇಡಲೇಬೇಕಿದ್ದರೆ ಎರಡು-ಮೂರನ್ನು ಮಾತ್ರ ಮೆಡಿಕಲ್ ಅಂಗಡಿಯ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಹಾಕಿ, ಪೆನ್ಸಿಲಿನಲ್ಲಿ ಬರೆದ ಚೀಟಿ ಒಳಗೇ ಇಡಿ. ಪೆನ್ನಿನ ಶಾಯಿ ಕರಗುತ್ತದೆ. ಸ್ಪಿರಿಟ್ ಬಣ್ಣವನ್ನೂ ತಿನ್ನುತ್ತದೆ, ಆದ್ದರಿಂದ ಫೋಟೊ ಮೊದಲು, ಸೀಸೆ ಆಮೇಲೆ. ಊಟಕ್ಕೆಂದು ಹಿಡಿದ ಮೀನಿದ್ದರೆ ಅದರ ಜಠರ ಸೀಳಿ ಬಿಳಿ ತಟ್ಟೆಯ ನೀರಿನಲ್ಲಿ ಬಿಡಿಸಿ ನೋಡಿ. ನಿಮ್ಮ ಎಣಿಕೆಯಲ್ಲಿ ಮೇಫ್ಲೈ ಮುಂದಿದ್ದು ಜಠರದಲ್ಲಿ ಬರೀ ಕೈರೊನೊಮಿಡ್ ಕೋಶಗಳಿದ್ದರೆ (ಪ್ಯೂಪಾ ಹಂತದ ಹುಳ) ಫ್ಲೈ ಕಟ್ಟುವಾಗ ಜಠರದ ಮಾತು ಕೇಳಿ.

ಪ್ರತಿ ಫೋಟೊದ ಫೈಲ್ ಹೆಸರಿನಲ್ಲಿ ದಿನಾಂಕ, ಗಂಟೆ, ಹೊಳೆ, ಹರಿವೋ ಮಡುವೋ, ಹಂತ, ಮಿಲಿಮೀಟರ್ ಇರಲಿ: ‘12-12, 6:05, ಕಾಗಿಣಾ, ಹರಿವು, ಬೀಟಿಡ್ ಡನ್, 6 ಮಿ.ಮೀ.’ ಹುಳ ಏಳದ ಸಂಜೆಯನ್ನೂ ಬರೆಯಿರಿ, ಸೊನ್ನೆ ಎಂದೇ. ಒಂದೇ ದಂಡೆಗೆ ವಾರಕ್ಕೊಮ್ಮೆಯಂತೆ ನವೆಂಬರ್‌ನಿಂದ ಫೆಬ್ರುವರಿವರೆಗೆ ಹೋದರೆ ಹದಿನೇಳು ಸಂಜೆಯ ಲೆಕ್ಕ ಕೈಯಲ್ಲಿರುತ್ತದೆ. ಮುಂದಿನ ವರ್ಷ ಯಾವ ವಾರ ಯಾವ ಫ್ಲೈ ಡಬ್ಬಿ ಒಯ್ಯಬೇಕು ಎಂಬ ಪ್ರಶ್ನೆಗೆ ಉತ್ತರವನ್ನು ಅದರಲ್ಲೇ ನೋಡಬಹುದು.